ಮಾವನ ಹಾಜರಿ ಪುಸ್ತಕ

ನಮ್ಮ ಮಾವ ದೇವರ ಹಾಜರಿಯನ್ನೂ ತೆಗೆದುಕೊಂಡವನು! ನಗಬೇಡಿ, ಕಣ್ಣಾರೆ ಕಂಡಿದ್ದೇನೆ. ದೇವದುರ್ಗದಲ್ಲಿ ವಾರಕ್ಕೆ ಆರು ದಿನ ಅವನು ಶಾಲಾ ಮಾಸ್ತರ, ಏಳನೆಯ ದಿನ ತಗಡಿನ ಮಾಡಿನ ಪುಟ್ಟ ಚರ್ಚಿನ ಸಭಾಪಾಲಕ. ಮಾಸ್ತರಿಕೆಯನ್ನು ಶಾಲೆಯಲ್ಲೇ ಬಿಟ್ಟು ಬರುವುದು ಮಾತ್ರ ಅವನಿಗೆ ತಿಳಿಯದು. ಭಾನುವಾರ ಪ್ರಾರ್ಥನೆಗೆ ಮೊದಲು ಕೆಂಪು ರಟ್ಟಿನ ಹಾಜರಿ ಪುಸ್ತಕ ತೆರೆದು, "ದೇವರು?" ಎಂದು ಕೇಳಿ, ಒಂದು ಗಳಿಗೆ ಕಣ್ಣು ಮುಚ್ಚಿ, "ಹಾಜರ್" ಎಂದು ತಾನೇ ಗುರುತು ಹಾಕುತ್ತಿದ್ದ. ಆಮೇಲೆ ನಮ್ಮ ಸರದಿ. ನಾನು ತಲೆ ತಗ್ಗಿಸಿ ನೆಲದ ಕಲ್ಲು ಎಣಿಸುತ್ತಿದ್ದೆ. ಇವನು ನನ್ನ ಅವ್ವನ ಖಾಸಾ ತಮ್ಮ ಎಂಬುದು ಇಡೀ ಊರಿಗೆ ಗೊತ್ತಿತ್ತಲ್ಲ!

ತಪ್ಪಿಸಿಕೊಂಡವರು ಮರುವಾರ ರಜಾ ಚೀಟಿ ತರಲೇಬೇಕು. ಒಮ್ಮೆ ಮಸರಕಲ್ಲಿನ ಮುದುಕಿ ಸುಂದರವ್ವ ಸಿಕ್ಕಿಬಿದ್ದಳು.

"ಎಮ್ಮಿ ಈದಿತ್ತು ಯಪ್ಪಾ, ಅದಕ್ಕ ಬರಲಿಲ್ಲ."

"ಚೀಟಿ ಎಲ್ಲದ?"

"ಎಮ್ಮಿಗಿ ಬರಿಯಾಕ ಬರಂಗಿಲ್ಲ, ನನಗೂ ಬರಂಗಿಲ್ಲ!"

ಸಭೆ ಗೊಳ್ಳೆಂದಿತು. ಮಾವ ನಗಲಿಲ್ಲ. ಮರುದಿನದಿಂದ ಸಂಜೆ ಸೈಕಲ್ಲು ತುಳಿದು ಮಸರಕಲ್ಲಿಗೆ ಹೋಗಿ, ಆರು ತಿಂಗಳು ಅವಳಿಗೆ ಅಕ್ಷರ ತಿದ್ದಿಸಿದ. ಕೂಡಿಸಿ ಬರೆಯಲು ಬಂದ ದಿನ ಸುಂದರವ್ವ ಮೊದಲು ಬರೆದದ್ದೇನು ಗೊತ್ತೇ? ಮುಂದಿನ ಮೂರು ಭಾನುವಾರಗಳ ರಜಾ ಚೀಟಿ!

ಇನ್ನು ಮಾನ್ವಿಯ ಆ ಮದುವೆ. ವರ ನಾಚಿಕೆಯ ಹುಡುಗ. "ಈಕಿನ್ನ ಹೆಂಡ್ತಿ ಅಂತ ಒಪ್ತೀಯೇನು?" ಎಂದು ಮಾವ ಕೇಳಿದರೆ ಗಂಟಲೊಳಗೇ "ಹೂಂ" ಎಂದ.

"ಕಡೀ ಬೆಂಚಿಗಿ ಕೇಳಂಗ ಹೇಳು!"

ಎರಡನೆಯ ಸಲಕ್ಕೂ ಮಾವನಿಗೆ ತೃಪ್ತಿಯಾಗಲಿಲ್ಲ. ಮೂರನೆಯ ಸಲ ಹುಡುಗ ಕಿರುಚಿದ ರಭಸಕ್ಕೆ ಹೊರಗಿದ್ದ ಅಡುಗೆಯವರು ಏನಾಯಿತೋ ಎಂದು ಸೌಟು ಹಿಡಿದೇ ಒಳಗೆ ಓಡಿ ಬಂದರು. ಬೀಗರ ಮುಂದೆ ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೆ ಮುಚ್ಚಿಕೊಳ್ಳಲು ಸೆರಗೂ ಇರಲಿಲ್ಲ, ಇನ್ನೂ ಲಂಗ ಉಡುವ ವಯಸ್ಸು.

ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ ನನಗೆ ರಾಯಚೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಬಿಡುಗಡೆ ಎಂದುಕೊಂಡೆ! "ಭಾನುವಾರ ತಪ್ಪದ ಬರ್ತೀನಿ ಮಾವಾ" ಎಂದು ಮಾತು ಕೊಟ್ಟಿದ್ದೆ, ಹೋಗಲಿಲ್ಲ. ಐದು ವಾರ ಕಳೆಯಿತು. ಒಂದು ಶನಿವಾರ ತನ್ನ ಶಾಲೆಗೆ ರಜೆ ಹಾಕಿ, ಬಸ್ಸಿಳಿದು ಮಾವ ಸೀದಾ ನನ್ನ ತರಗತಿಗೇ ಬಂದ. ಮೊಳಕಾಲಿನವರೆಗೆ ಎತ್ತಿ ಕಟ್ಟಿದ ಧೋತರ, ಕಂಕುಳಲ್ಲಿ ಆ ಕೆಂಪು ಪುಸ್ತಕ, ಕೈಯಲ್ಲಿ ಸಜ್ಜಿರೊಟ್ಟಿಯ ಗಂಟು.

"ಐದು ವಾರ ಗೈರು. ಚೀಟಿ ಎಲ್ಲದ?"

ನಲವತ್ತು ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದರು. ಸದ್ದು ಕೇಳಿ ಮುಖ್ಯೋಪಾಧ್ಯಾಯಿನಿ ಬಂದರು. "ಯಾರ್ರೀ ಇವ್ರು?"

ನಾನು ಏನು ಹೇಳಿದೆ? ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. "ನಮ್ಮೂರವ್ರು ರೀ. ತಲಿ ಸ್ವಲ್ಪ ಹಂಗ..." ಎಂದು ಹಣೆಯ ಪಕ್ಕ ಬೆರಳು ತಿರುಗಿಸಿದೆ. ಮಾವ ನೋಡಿದ. ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಾನೆ ಎಂದುಕೊಂಡೆ. ಅವನು ಪುಸ್ತಕ ಮುಚ್ಚಿ, ತನ್ನ ಬಾಯಿಗೆ ಒಗ್ಗದ ಮೆತ್ತನೆಯ ದನಿಯಲ್ಲಿ, "ಹೌದ್ರಿ, ಬರೇ ಊರಾಂವ ನಾನು" ಎಂದ. ಸುಳ್ಳು ಹೇಳಿದವರ ಕೈಗೆ ಬೆತ್ತದ ರುಚಿ ತೋರಿಸುತ್ತಿದ್ದವನು ನನಗಾಗಿ ಸುಳ್ಳು ಹೇಳಿದ. ಗಂಟನ್ನು ಮೇಜಿನ ಮೇಲಿಟ್ಟು ಹೊರಟ. ರೊಟ್ಟಿ ನಾನು ತಿನ್ನಲಿಲ್ಲ, ಆಯಾಗೆ ಕೊಟ್ಟುಬಿಟ್ಟೆ.

ಆಮೇಲೆ ಚರ್ಚಿಗೆ ಹೋಗುವ ಮುಖ ಎಲ್ಲಿಂದ ತರಲಿ? ಹಬ್ಬಕ್ಕೆ ಅವ್ವನೇ ರಾಯಚೂರಿಗೆ ಬರುತ್ತಿದ್ದಳು. ಕ್ಷಮೆ ಕೇಳುವುದನ್ನು ಈ ವಾರ, ಮುಂದಿನ ವಾರ ಎಂದು ನಾಲ್ಕು ವರ್ಷ ತಳ್ಳಿದೆ. ಕೊನೆಗೆ ಹೋದದ್ದು ಅವನ ಮಣ್ಣಿಗೆ.

ಅತ್ತೆ ಅಳುತ್ತಲೇ ಆ ಪುಸ್ತಕ ತಂದು ನನ್ನ ಮಡಿಲಲ್ಲಿಟ್ಟಳು. ನನ್ನ ಹೆಸರಿನ ಮುಂದೆ ಉದ್ದಕ್ಕೂ "ಗೈರು" ಇರುತ್ತದೆ ಎಂದುಕೊಂಡೇ ತೆರೆದೆ. ಒಂದೂ ಇರಲಿಲ್ಲ, ಆ ಮೊದಲ ಐದು ವಾರದ್ದನ್ನೂ ಹೊಡೆದು ಹಾಕಿದ್ದ. ಪ್ರತಿ ವಾರವೂ "ರಜೆ ಮಂಜೂರು". ಹಾಳೆಗಳ ನಡುವೆ ಗುಂಡುಸೂಜಿ ಚುಚ್ಚಿದ ಚೀಟಿಗಳು, ಎಲ್ಲವೂ ಮಾವನದೇ ಅಕ್ಷರ! "ಸಿರವಾರದ ಹತ್ತಿರ ಬಸ್ಸು ಕೆಟ್ಟಿದ್ದರಿಂದ ಬರಲಾಗಲಿಲ್ಲ." "ಪರೀಕ್ಷೆಯ ಪೇಪರು ತಿದ್ದುವುದಿರುವುದರಿಂದ..." "ನೆಗಡಿ ಬಂದಿರುವುದರಿಂದ..." ಪ್ರತಿಯೊಂದರ ಕೆಳಗೂ ಒಂದೇ ಸಾಲು: "ಇಂತಿ, ತಮ್ಮ ಅಕ್ಕನ ಮಗಳು."

"ವಾರಾ ವಾರಾ ಸಭಾದಾಗ ಓದ್ತಿದ್ರವ್ವಾ," ಎಂದಳು ಅತ್ತೆ. "ಇವತ್ತ ನೀನ ಹೆಸರು ಕರಿ. ಅವ್ರಿಗಿ ಹಾಜರಿ ತಗೊಳ್ಳದ ಹೋಗಾಕ ಆಗಂಗಿಲ್ಲ."

ಶವದ ಪೆಟ್ಟಿಗೆಯ ಪಕ್ಕ ನಿಂತು ಕರೆದೆ. "ದೇವರು?" ಎಂದೆ, ಒಂದು ಗಳಿಗೆ ಬಿಟ್ಟು ಗುರುತು ಹಾಕಿದೆ. ಒಬ್ಬೊಬ್ಬರೇ ಅಳುತ್ತ "ಹಾಜರ್ರೀ" ಎಂದರು. ನನ್ನ ಹೆಸರು ಬಂದಾಗ ನಾನೇ ಕರೆದು ನಾನೇ ಓಗೊಟ್ಟೆ. ದನಿ ಗಂಟಲು ದಾಟಲಿಲ್ಲ.

ಹಿಂದಿನಿಂದ ಸುಂದರವ್ವ ಕೂಗಿದಳು, "ಕಡೀ ಬೆಂಚಿಗಿ ಕೇಳಂಗ ಹೇಳವ್ವಾ!"

"ಹಾಜರ್ರೀ ಮಾವಾ!" ಎಂದೆ. ಎಲ್ಲರ ಮುಂದೆ ಅವನನ್ನು ನಾನು ಮಾವ ಎಂದು ಕರೆದದ್ದು ಎಷ್ಟೋ ವರ್ಷಗಳ ಮೇಲೆ ಅಂದೇ.