ಸಮಾಧಿಯ ಕಲ್ಲು ಬಿಡದ ಸಿಮೆಂಟಿನ ತಯಾರಕರಿಗೆ

ಮಾನ್ಯರೇ,

ತಮ್ಮ ಕಾರ್ಖಾನೆಯ ಚಿಮಣಿ ಸದಾ ಹೊಗೆಯಾಡುತ್ತಿರಲಿ, ತಮ್ಮ ಮೂಟೆಗಳಿಗೆ ಎಂದೂ ತೇವ ತಗಲದಿರಲಿ ಎಂದು ಹಾರೈಸುತ್ತಾ, ನಮ್ಮ ಚರ್ಚಿನ ಹವ್ಯಾಸಿ ನಾಟಕ ತಂಡದ ನಿರ್ದೇಶಕನಾದ ನಾನು ತಮ್ಮ ಸಿಮೆಂಟಿನ ಮೇಲೆ ಈ ದೂರನ್ನು, ಅದರ ಬಗ್ಗೆ ಅಪಾರ ಗೌರವವಿಟ್ಟುಕೊಂಡೇ, ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಚರ್ಚಿನ ಹಿಂದಿನ ಬಯಲು ರಂಗಮಂದಿರ ಬಹುಕಾಲದಿಂದ ಹಾಳುಬಿದ್ದು ಮುಳ್ಳುಕಂಟಿಗಳ ಪಾಲಾಗಿತ್ತು. ಅದನ್ನು ನೆಲಸಮ ಮಾಡಿ ಕಾರು ನಿಲ್ಲಿಸುವ ಜಾಗ ಮಾಡಬೇಕೆಂಬುದು ಆಡಳಿತ ಸಮಿತಿಯ ಅಧ್ಯಕ್ಷರ ಆಸೆ. ಈಸ್ಟರ್ ಭಾನುವಾರ, ಸತ್ತ ಯೇಸು ಮೂರನೆಯ ದಿನ ಸಮಾಧಿಯಿಂದ ಎದ್ದುಬರುವ ಪುನರುತ್ಥಾನದ ನಾಟಕವನ್ನು ಅಲ್ಲಿ ನೆಟ್ಟಗೆ ಆಡಿ ತೋರಿಸಿದರೆ ಉಳಿಸೋಣ, ಇಲ್ಲವಾದರೆ ಸೋಮವಾರವೇ ಬುಲ್ಡೋಜರ್ ಎಂದು ಅವರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. ನಮ್ಮದು ಸಂಬಳವಿಲ್ಲದ ಸೇವೆ. ಕೆಲಸಕ್ಕಿಂತ ಪ್ರಾರ್ಥನೆ ಹೆಚ್ಚು, ಪ್ರಾರ್ಥನೆಗಿಂತ ಚಹಾ ಹೆಚ್ಚು. ಆದರೂ ಕಂಟಿ ಕಡಿದೆವು, ವೇದಿಕೆಗೆ ಹಲಗೆ ಹೊಡೆದೆವು, ಪಕ್ಕದ ಹಳೆಯ ಟಿಕೆಟ್ ಕೋಣೆಯನ್ನೇ ಸಮಾಧಿ ಮಾಡಿಕೊಂಡು ಅದರ ಬಾಗಿಲಿಗೆ ಉರುಳುವಂಥ ಕಲ್ಲೊಂದನ್ನು ಇಟ್ಟೆವು.

ಇಲ್ಲಿ ತಮ್ಮ ಸಿಮೆಂಟಿನ ಪ್ರವೇಶ. ಕಾವಲು ಸೈನಿಕನ ಪಾತ್ರ ನಮ್ಮ ಗಾರೆಯಣ್ಣನದು. ವೃತ್ತಿ ಗಾರೆ ಕೆಲಸ, ಭಕ್ತಿಯಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು. ನಾಟಕದ ಹಿಂದಿನ ದಿನದ ತಾಲೀಮಿನಲ್ಲಿ ರಾಜ್ಯಪಾಲ ಪಿಲಾತನು ಸಮಾಧಿಯನ್ನು ಭದ್ರವಾಗಿ ಮುಚ್ಚಿಸಬೇಕೆಂದು ಆಜ್ಞೆ ಕೊಟ್ಟ. ಅದನ್ನೇ ನಿಜವೆಂದು ನಂಬಿದ ಗಾರೆಯಣ್ಣನೆಂಬ ಈ ಮಹಾನುಭಾವ ನಾವೆಲ್ಲ ಮನೆಗೆ ಹೋದ ಮೇಲೆ ಒಬ್ಬನೇ ಕೂತು, ಕಲ್ಲಿನ ಸುತ್ತ ತಮ್ಮ ಸಿಮೆಂಟು ಮೆತ್ತಿ, ನೀಟಾಗಿ ಕರಣೆ ಎಳೆದ. “ದೇವರ ಕೆಲಸ ಅಂದ್ಮೇಲೆ ಅರ್ಧಂಬರ್ಧ ಮಾಡೋಕಾಗುತ್ತಾ ಅಣ್ಣಾ?” ಎಂದು ಆಮೇಲೆ ನನ್ನನ್ನೇ ಕೇಳಿದ.

ನಮಗಿದು ತಿಳಿದದ್ದು ತುಂಬಿದ ಸಭೆಯೆದುರು, ಯೇಸುವಿನ ದೇಹವನ್ನು ಹೊತ್ತು ಸಮಾಧಿಗೆ ಬಂದಾಗ. ಶಿಷ್ಯರು ಹೆಗಲು ಕೊಟ್ಟರು, ಸೈನಿಕರು ಕೈಹಚ್ಚಿದರು, ಪಿಲಾತನೇ ಓಡಿಬಂದು ತಳ್ಳಿದ; ಭೇಷ್, ತಮ್ಮ ಸಿಮೆಂಟು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಯೇಸುವಾಗಿದ್ದ ನನ್ನ ಭಾವಮೈದ, ವೃತ್ತಿಯಲ್ಲಿ ದರ್ಜಿ, ಚೆನ್ನಾಗಿ ತೂಕವಿರುವ ಆಸಾಮಿ. ಕಾಲು ಹಿಡಿದಿದ್ದ ನನಗೆ ಸತ್ತಲ್ಲಿಂದಲೇ “ಭಾವ, ಎಲ್ಲಾದ್ರೂ ಇಳಿಸ್ರಪ್ಪ, ಸೊಂಟ ಹಿಡ್ಕೊಂಡಿದೆ” ಎಂದು ಪಿಸುಗುಟ್ಟಿದ. ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ಇಷ್ಟು ಜನರ ಬೆವರು ನೀರುಪಾಲಾಯಿತಲ್ಲ ಎಂದು ನನಗೆ ಅಳುವೇ ಬಂತು. ಬೇರೆ ದಾರಿ ಕಾಣದೆ ಪ್ರೇಕ್ಷಕರ ಮೊದಲ ಮೆಟ್ಟಿಲಿನ ಮೇಲೆ, ಅಧ್ಯಕ್ಷರ ಪಕ್ಕದಲ್ಲೇ, ದೇಹವನ್ನು ಮಲಗಿಸಿ ಬಿಳಿ ಬಟ್ಟೆ ಹೊದಿಸಿದೆವು.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ, ಶುಕ್ರವಾರ ಬಿಗಿಯಾಗಿ ಹಿಡಿದು ಭಾನುವಾರ ಬೆಳಿಗ್ಗೆ ತಾನಾಗಿ ಬಿಟ್ಟುಕೊಡುವ ಸಿಮೆಂಟೊಂದನ್ನು ತಯಾರಿಸಬೇಕು. ಅದಾಗದಿದ್ದರೆ, ಬೈಬಲಿನಲ್ಲಿ ಆದಂತೆ ಕಲ್ಲು ಉರುಳಿಸಲು ತಮ್ಮ ಮಾರಾಟ ವಿಭಾಗದಿಂದ ಒಬ್ಬ ದೇವದೂತನನ್ನಾದರೂ ಕಳಿಸಿಕೊಡಬೇಕು. ಆ ದೂತನ ಬಿಳಿ ನಿಲುವಂಗಿಯನ್ನು ಭಾವಮೈದ ಹೊಲಿದುಕೊಡುತ್ತಾನೆ.

ತಮ್ಮ ಸಿಮೆಂಟಿನಷ್ಟೇ ಪಟ್ಟುಬಿಡದ ವಿಶ್ವಾಸಿ,
ನಿರ್ದೇಶಕ

ತಾ.ಕ.: ಅಧ್ಯಕ್ಷರು ಕೂತಿದ್ದ ಹಳೆಯ ಮೆಟ್ಟಿಲೂ ತಮ್ಮ ಸಿಮೆಂಟಿನದೇ. ಪುನರುತ್ಥಾನದ ದೃಶ್ಯದಲ್ಲಿ ಯೇಸು ಹೊದಿಕೆ ಸರಿಸಿ ಎದ್ದು ಕೂತದ್ದೇ ತಡ, ಅಧ್ಯಕ್ಷರಿದ್ದ ತುದಿ ಕುಸಿದು ಅವರು ಉರುಳಿಬಿದ್ದರು. ಭಾವಮೈದ ಪಾತ್ರ ಬಿಡದೆ, ಕೈ ಚಾಚಿ ಅವರನ್ನು ಎತ್ತಿ ನಿಲ್ಲಿಸಿದ. ಜನ ಇದೂ ನಾಟಕವೆಂದೇ ತಿಳಿದು ಕಣ್ಣೊರೆಸಿಕೊಳ್ಳುತ್ತಾ ಚಪ್ಪಾಳೆ ತಟ್ಟಿದರು, ಅಧ್ಯಕ್ಷರೂ ಒರೆಸಿಕೊಂಡರು. ಬುಲ್ಡೋಜರ್ ಬರಲಿಲ್ಲ, ರಂಗಮಂದಿರ ಉಳಿಯಿತು. ಮುಂದಿನ ವರ್ಷವೂ ಅವರು ತಪ್ಪದೆ ಬರುತ್ತಾರಂತೆ. ಕುರ್ಚಿಯನ್ನು ಮಾತ್ರ ಮನೆಯಿಂದಲೇ ತರುತ್ತಾರಂತೆ.