ಶರಣಪ್ಪನ ಓರೆ ಕುತ್ತಿಗೆ

ಹೊಟ್ಟೆಕಿಚ್ಚು ನನಗೆ ಹೊಸದಲ್ಲ. ಪಕ್ಕದ ಮನೆಗೆ ಹೊಸ ಬೀರು ಬಂದಾಗ ಆಗಿದೆ, ಷಡ್ಡಕನ ತಲೆಯಲ್ಲಿ ಇನ್ನೂ ಕೂದಲಿರುವುದನ್ನು ಕಂಡಾಗಲೂ ಆಗಿದೆ. ಒಂದು ಲೋಟ ಮಜ್ಜಿಗೆಗೆ ಶಮನವಾಗಿದೆ. ಆದರೆ ಒಬ್ಬ ಮನುಷ್ಯನ ಕುತ್ತಿಗೆ ಕಂಡು ಉರಿದವನು ನಾರಾಯಣಪೇಟೆಯಲ್ಲಿ ನಾನೊಬ್ಬನೇ ಇರಬೇಕು. ಆ ಕುತ್ತಿಗೆ ಶರಣಪ್ಪನದು. ನಾವಿಬ್ಬರೂ ಒಂದೇ ಅಂಗಡಿಯ ಒಂದೇ ಗಾದಿಯ ಮೇಲೆ ಕೂತು ಸೀರೆ ಬಿಚ್ಚಿ ತೋರಿಸುವವರು.

ತೆಲಂಗಾಣ ಬೇರೆ ರಾಜ್ಯವಾದ ಹೊಸತು. ಊರಿಗೆಲ್ಲ ಹಿಡಿದಿದ್ದ ಉಮೇದು ನಮ್ಮ ಸಾವ್ಕಾರರಿಗೂ ತಗುಲಿ ಗದ್ವಾಲದಲ್ಲಿ ಇನ್ನೊಂದು ಅಂಗಡಿ ಹಾಕಲು ಹೊರಟರು. "ನಿಮ್ಮಿಬ್ಬರೊಳಗ ಗಿರಾಕಿನ ಯಾರು ಛಲೋ ಹಿಡಿತೀರಿ, ಅವ್ರು ಅಲ್ಲಿ ಗಲ್ಲಾಪೆಟ್ಟಿಗಿ ಮುಂದ ಕೂಡ್ರಿ" ಅಂದರು. ಗಾದಿಯ ಮೇಲೆ ಮೊಣಕಾಲು ಸವೆಸಿಕೊಂಡ ನನಗೆ ಆ ಕುರ್ಚಿ ಬೇಕೇ ಬೇಕಾಗಿತ್ತು. ನಮ್ಮನ್ನು ತಿದ್ದಲು ಹೈದರಾಬಾದಿನಿಂದ ಟೈ ಕಟ್ಟಿದ ಒಬ್ಬರು ಬಂದು, ವ್ಯಾಪಾರದಲ್ಲಿ ಬಾಯಿಗಿಂತ ಮೈ ಹೆಚ್ಚು ಮಾತಾಡುತ್ತದೆ, ಅದಕ್ಕೆ ಬಾಡಿ ಲ್ಯಾಂಗ್ವೇಜ್ ಅನ್ನುತ್ತಾರೆ ಎಂದು ಕಲಿಸಿದರು. ಮನೆಯಲ್ಲಿ ಕನ್ನಡ, ಕನ್ನಡ ಬಾರದ ಗಿರಾಕಿಗೆ ತೆಲುಗು, ಸಾವ್ಕಾರರ ಹತ್ತಿರ ರಜೆ ಕೇಳಲು ಉರ್ದು, ಇಷ್ಟರಲ್ಲೇ ಬದುಕಿದ್ದವನು ನಾನು. ಈಗ ಮೈಯ ಭಾಷೆಯನ್ನೂ ಬಾಯಿಪಾಠ ಮಾಡಿದೆ. ಶರಣಪ್ಪ ಹಿಂದೆ ಕೂತು ತೂಕಡಿಸಿದ.

ಮರುದಿನ ಮಕ್ತಲದಿಂದ ತಾಯಿ ಮಗಳು ಬಂದರು. ಕಲಿತಂತೆ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ತಾಯಿ ಸೆರಗು ಎಳೆದುಕೊಂಡರು. ಮುಂದಕ್ಕೆ ಬಾಗಿದೆ, ಇಬ್ಬರೂ ಹಿಂದಕ್ಕೆ ಸರಿದರು. ವಿಶ್ವಾಸ ಹುಟ್ಟಲೆಂದು ಎರಡೂ ಅಂಗೈ ಬಿಚ್ಚಿ ಚಾಚಿದೆ. "ಯಾಕಪಾ, ಇನ್ನಾ ಸೀರಿನೇ ಆರಿಸಿಲ್ಲ, ಆಗ್ಲೇ ರೊಕ್ಕ ಕೇಳಾಕ ಹತ್ತೀಯಲ್ಲ" ಅಂದ ತಾಯಿ ಶರಣಪ್ಪನ ಕಡೆ ಸರಿದು ಕೂತರು. ಅವನು ಏನೂ ಮಾಡಲಿಲ್ಲ, ಕುತ್ತಿಗೆ ಓರೆ ಮಾಡಿದ, ಅಷ್ಟೆ. ಆ ತಾಯಿ, ಮಗಳ ನಿಶ್ಚಯದಿಂದ ಹಿಡಿದು ಬೀಗಿತ್ತಿಯ ಬಿಂಕದವರೆಗೆ ಎಲ್ಲ ಹೇಳಿಕೊಂಡು, ಸೀರೆಗಳ ಗಂಟು ಹೊತ್ತು ಹೋದರು. "ನೋಡು, ಹೆಂಗ ಕೇಳ್ತಾನ" ಎಂದು ಸಾವ್ಕಾರರು ನನ್ನ ಹೊಟ್ಟೆಗೆ ಇನ್ನಷ್ಟು ಕೊಳ್ಳಿ ಇಟ್ಟರು.

ಅಂದಿನಿಂದ ಕನ್ನಡಿಯ ಮುಂದೆ ನಿಂತು ನಾನೂ ಕುತ್ತಿಗೆ ಓರೆ ಮಾಡಿದ್ದೇ ಮಾಡಿದ್ದು. ಅಂಗಡಿಯಲ್ಲಿ ಪ್ರಯೋಗಿಸಿದಾಗ ಉಟ್ಕೂರಿನ ಹಿರಿಯರೊಬ್ಬರು, "ಕುತ್ತಿಗಿ ಹಿಡ್ಕೊಂಡೈತೇನ್ರಿ? ಎಣ್ಣಿ ಹಚ್ಚಿ ಬಿಸಿನೀರು ಹಾಕ್ರಿ" ಎಂದು ಉಪಚಾರ ಹೇಳಿ, ಸೀರೆ ಕೊಳ್ಳದೆ ಎದ್ದುಹೋದರು. ಗದ್ವಾಲದ ಕುರ್ಚಿ ಶರಣಪ್ಪನಿಗಾಯಿತು.

ನಮ್ಮ ಅಂಗಡಿಯಲ್ಲಿ ಅವನ ಕೊನೆಯ ದಿನ, ಸೀರೆ ಮಡಚುತ್ತಿದ್ದವನ ಎಡಕ್ಕೆ ನಿಂತು, "ಹೋಗು, ನಿನ್ನ ಅಂಗಡಿಗೆ ಒಂದು ನೊಣನೂ ಬರಬಾರ್ದು" ಎಂದು ಗೊಣಗಿದೆ. ಅವನು ನಗುತ್ತ, "ಈ ಕಡಿ ಬಂದು ಹೇಳೋ ಮಾರಾಯ. ಆ ಕಿವಿ ಸಣ್ಣಾವಿದ್ದಾಗಿಂದ ಕೇಳ್ಸಂಗಿಲ್ಲ. ಗಿರಾಕಿ ಮುಂದ ಹೇಳಾಕ ನಾಚಿಕಿ, ಅದಕ್ಕ ಕುತ್ತಿಗಿ ತಿರುಗಿಸ್ತೀನಿ" ಅಂದ. ನನಗೆ ಮರುಕ ಹುಟ್ಟಬೇಕಿತ್ತು. ಹುಟ್ಟಿದ್ದು ಆ ಕಿವುಡು ಕಿವಿಯ ಮೇಲೂ ಹೊಟ್ಟೆಕಿಚ್ಚು. ದೇವರು ನನಗೆ ಕೊಟ್ಟ ಮೊಣಕಾಲು ನೋವಿನಿಂದ ಒಂದು ಕರವಸ್ತ್ರವೂ ಮಾರಾಟವಾಗಿಲ್ಲ.

ಬಲಕ್ಕೆ ಹೋಗಿ ಕೂತು, "ಛಲೋ ಆತು ಅಂದೆ" ಅಂದೆ. ಅವನು ಕುತ್ತಿಗೆ ಓರೆ ಮಾಡಿದ. ಆಮೇಲೆ ಏನಾಯಿತೋ, ಮೊಣಕಾಲು, ಕುರ್ಚಿಯ ಆಸೆ, ನಾನು ಒಯ್ಯುವ ಯಾವ ಸೀರೆಯೂ ಹೆಂಡತಿಗೆ ಹಿಡಿಸದಿರುವುದು, ಎಲ್ಲವನ್ನೂ ಅವನ ಮುಂದೆ ಸುರಿದೆ. "ಅಕ್ಕಾರು ಯಾವ ಬಣ್ಣ ಒಲ್ಲೆ ಅಂತಾರ?" ಎಂದಷ್ಟೇ ಕೇಳಿದ. ಎದ್ದಾಗ ನನ್ನ ಕಂಕುಳಲ್ಲಿ ಸೀರೆಯ ಪೊಟ್ಟಣವಿತ್ತು. ನಾರಾಯಣಪೇಟೆಯಲ್ಲಿ ಅವನ ಕೊನೆಯ ಗಿರಾಕಿ ನಾನೇ.

ಮನೆಯಲ್ಲಿ ಹೆಂಡತಿ ಸೀರೆ ಬಿಚ್ಚಿದಳು, ಹೆಗಲ ಮೇಲೆ ಹಾಕಿಕೊಂಡಳು, ಅಂಚು ಸವರಿದಳು. "ಇಷ್ಟು ವರ್ಷಕ್ಕ ಒಂದ್ಸಲ ನನ್ನ ಮಾತು ಕಿವಿಗೆ ಹಾಕ್ಕೊಂಡ್ರಿ ನೋಡ್ರಿ" ಅಂದಳು. ಎರಡೂ ಕಿವಿ ನೆಟ್ಟಗಿರುವ ನಾನು "ಹ್ಞೂಂ" ಅಂದೆ.