ಬಲಿಪೀಠದ ಬಟ್ಟೆಗೆ ನವಿಲಿನ ಅಂಚು

ದೇವರ ಮನೆಗೆ ಯಾವುದು ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ ಎಂಬುದು ದೇವರಿಗಿಂತ ಚೆನ್ನಾಗಿ ಗೊತ್ತಿರುವವರು ಪ್ರತಿ ಚರ್ಚಿನಲ್ಲೂ ಒಬ್ಬರಾದರೂ ಇರುತ್ತಾರೆ. ತಮಿಳು ಸೀಮೆಯ ಸೂಲೂರಿನ ನಮ್ಮ ಪುಟ್ಟ ಚರ್ಚಿನಲ್ಲಿ ಆ ಹುದ್ದೆ ನನ್ನದು. ಮೈಸೂರಿನಿಂದ ಇಲ್ಲಿಯ ಪಂಪ್ ಕಾರ್ಖಾನೆಗೆ ಬಂದವನು ಮರುವರ್ಷವೇ ಕಮಿಟಿ ಸೇರಿದೆ. ಅಂದಿನಿಂದ ಮಾವಿನ ತೋರಣ ಬೇಡ, ಅಂಗಳದಲ್ಲಿ ರಂಗೋಲಿ ಬೇಡ, ಹಾಡಿಗೆ ಮೃದಂಗ ಬೇಡ ಎನ್ನುತ್ತಲೇ ಕೂದಲು ಹಣ್ಣಾಗಿದೆ. "ನೋಹನ ನಾವೆಗೆ ನಿಮ್ಮದೊಂದು ಕಮಿಟಿ ಇದ್ದಿದ್ದರೆ ಅರ್ಧಕ್ಕರ್ಧ ಪ್ರಾಣಿಗಳು ಮಳೆಯಲ್ಲೇ ನಿಲ್ಲಬೇಕಾಗಿತ್ತು" ಎನ್ನುತ್ತಾಳೆ ನನ್ನ ಹೆಂಡತಿ. ಅವಳು ಸಂಡೇ ಸ್ಕೂಲ್ ಟೀಚರ್, ಇಂಥ ಮಾತುಗಳಿಗೆ ಅವಳಲ್ಲಿ ಬರವಿಲ್ಲ.

ಈ ಸಲ ಈಸ್ಟರ್‌ಗೆ ಬಲಿಪೀಠದ ಮೇಲೆ ಹಾಸಲು ಹೊಸ ಬಟ್ಟೆ ಬೇಕಾಗಿತ್ತು. ಚರ್ಚಿನ ಹಿಂದಿನ ಬೀದಿಯಲ್ಲಿ ಕೈಮಗ್ಗದ ಚೌಡಮ್ಮ ಇದ್ದಾಳೆ. ತಲೆತಲಾಂತರದಿಂದ ಇಲ್ಲೇ ನೆಲೆಸಿ, ಮನೆಯೊಳಗೆ ಮಾತ್ರ ಕನ್ನಡವಾಡುವ ನೇಕಾರರ ಮನೆ. ಭಾಷೆ ಬಲ್ಲವನೆಂದು ಕಮಿಟಿ ನನ್ನನ್ನೇ ಅಟ್ಟಿತು. "ಬರೀ ಬಿಳಿ, ನಡುವೆ ಒಂದು ಶಿಲುಬೆ, ಅಷ್ಟೇ" ಎಂದು ಹೇಳಿ ಬಂದೆ. ಪವರ್‌ಲೂಮುಗಳ ಸದ್ದಿನ ನಡುವೆ ಆಕೆಯ ಮಗ್ಗವನ್ನು ಕೇಳುವವರಿಲ್ಲದೆ ಎಷ್ಟೋ ದಿನವಾಗಿತ್ತು. ಹಿಗ್ಗಿನಲ್ಲಿ ಆಕೆ, ನನ್ನ ಕೈಯ ಬಟ್ಟೆ ಸಾಮಿಗೆ ಹಾಕ್ತಾರೆ ಎಂದು ಬೀದಿಗೆಲ್ಲ ಸಾರಿ, ಹಬ್ಬದ ದಿನ ನೋಡೋಕೆ ಬನ್ನಿ ಎಂದು ಹೆಂಗಸರನ್ನೆಲ್ಲ ಕರೆದೂಬಿಟ್ಟಳು. ಬಟ್ಟೆ ವಾಪಸ್ಸಾದರೆ ಆಕೆ ಆ ಬೀದಿಯಲ್ಲಿ ತಲೆಯೆತ್ತುವ ಹಾಗಿರಲಿಲ್ಲ.

ಹಬ್ಬಕ್ಕೆ ವಾರವಿರುವಾಗ ಹೋಗಿ ಮಡಿಕೆ ಬಿಚ್ಚಿದೆ. ಶಿಲುಬೆಯೇನೋ ಇತ್ತು. ಆದರೆ ಅಂಚಿನುದ್ದಕ್ಕೂ ನವಿಲು, ಒಂದರ ಹಿಂದೊಂದು! ನಮ್ಮ ಕಡೆ ನವಿಲೇನು ಅಪರೂಪವಲ್ಲ ಬಿಡಿ. ಬೆಳಗಾದರೆ ಕಾಂಪೌಂಡ್ ಏರಿ ಕಿರುಚುತ್ತವೆ, ನಾನು ನೀರೆರೆದು ಬೆಳೆಸಿದ ಟೊಮೆಟೊವನ್ನು ನನಗಿಂತ ಮೊದಲು ರುಚಿ ನೋಡುತ್ತವೆ. ಹಾಗೆಂದು ಮುರುಗನ ವಾಹನವನ್ನು ತಂದು ಬಲಿಪೀಠದ ಮೇಲೆ ನಿಲ್ಲಿಸುವುದೇ?

"ಇದು ಆಗೋದಿಲ್ಲ ಚೌಡಮ್ಮ. ಬರೀ ಬಿಳಿ ಅಂತ ಹೇಳಿದ್ದೆನಲ್ಲ" ಎಂದೆ.

ಆಕೆಯ ಮುಖ ಬಾಡಿತು. "ಅಂಚೇ ಇಲ್ದೆ ಬೆಳ್ಳಗೆ ಇರೋ ಬಟ್ಟೆ ಪೊಣಕ್ಕೆ ತಾನೆ ಸಾರ್ ಹಾಕೋದು?" ಎಂದಳು. ಪೊಣ ಎಂದರೆ ಅವರ ಮಾತಿನಲ್ಲಿ ಹೆಣ. ಆಮೇಲೆ ನಿಜಕ್ಕೂ ತಿಳಿಯದೆ ಕೇಳುವವಳ ಹಾಗೆ, "ನಿಮ್ ಸಾಮಿ ಎದ್ದು ಬಂದ್ಬುಟ್ರು ಅಂತ ವರ್ಷಾ ವರ್ಷಾ ಮೈಕ್‌ನಲ್ಲಿ ಸೊಲ್ತೀರಲ್ಲ, ಉಸುರೋಡೆ ಇದಾರೆ ತಾನೆ?" ಎಂದಳು.

"ಇದ್ದಾರೆ" ಎಂದೆ. ಕಮಿಟಿ ಮೆಂಬರು ಬೇರೇನು ತಾನೆ ಹೇಳಿಯಾನು!

"ಅಪ್ಪಡಿನ್ನಾ ಅವ್ರಿಗ್ಯಾಕೆ ಸಾರ್ ಪೊಣದ್ ಬಟ್ಟೆ?"

ಇಷ್ಟು ವರ್ಷ ಪಾದ್ರಿಗಳಿಂದ ಕೇಳಿದ ಪ್ರಸಂಗಗಳಲ್ಲಿ ಎಷ್ಟೋ ಸಲ ತೂಕಡಿಸಿದ್ದೇನೆ. ಈ ಒಂದು ಮಾತಿಗೆ ನಿದ್ದೆಯೆಲ್ಲ ಹಾರಿಹೋಯಿತು. ಬಟ್ಟೆಯನ್ನು ಬಗಲಲ್ಲಿಟ್ಟುಕೊಂಡು ಪಾದ್ರಿಗಳ ಮನೆಗೆ ನಡೆದೆ. ದೂರು ಹೇಳಬೇಕೆಂದು ಹೋದವನು ಆಕೆಯ ಪ್ರಶ್ನೆಯನ್ನಷ್ಟೇ ಹೇಳಿದೆ. ಅವರು ನವಿಲುಗಳ ಮೇಲೆ ಕೈಯಾಡಿಸುತ್ತ, "ಹಬ್ಬದ ಪ್ರಸಂಗಕ್ಕೆ ಮೂರು ದಿನದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಆ ಅಮ್ಮ ಸುಲಭವಾಗಿ ಮುಗಿಸಿಬಿಟ್ಟರಲ್ಲ!" ಎಂದು ತಮಿಳಿನಲ್ಲಿ ಹೇಳಿ ನಕ್ಕರು. ಇನ್ನು ಕಮಿಟಿಯಲ್ಲಿ ವಿರೋಧಿಸಬೇಕಾದವನು ನಾನೊಬ್ಬನೇ. ಆ ದಿನ ಮೊದಲ ಸಲ ನಾನೂ ಒಪ್ಪಿಗೆಗೆ ಕೈಯೆತ್ತಿದೆ, ಬಟ್ಟೆ ಪಾಸಾಯಿತು.

ಈಸ್ಟರ್ ಬೆಳಿಗ್ಗೆ ಗಾಡಿಗಳನ್ನು ಸಾಲಾಗಿ ನಿಲ್ಲಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದನ್ನು ಮುಗಿಸಿ ಬರುವಷ್ಟರಲ್ಲಿ ಚರ್ಚಿನ ಒಳಗೆ ಸೂಜಿ ಊರಲು ಜಾಗವಿಲ್ಲ. ನಾನು ವಾರವಾರವೂ ಕೂರುವ ಬೆಂಚಿನಲ್ಲಿ ಚೌಡಮ್ಮ ರೇಷ್ಮೆ ಸೀರೆಯುಟ್ಟು, ತಲೆ ತುಂಬ ಮಲ್ಲಿಗೆ ಮುಡಿದು ಕುಳಿತಿದ್ದಾಳೆ. ಸುತ್ತ ಆಕೆಯ ಬೀದಿಯ ಹೆಂಗಸರು, ಅವರ ನಡುವೆ ನನ್ನ ಹೆಂಡತಿ. ಎಲ್ಲರ ಕಣ್ಣೂ ಮುಂದಿನ ನವಿಲುಗಳ ಮೇಲೆ. ನನಗೆ ಬಹಳ ಸಂತೋಷವಾಯಿತು, ಅದನ್ನು ಮುಚ್ಚಿಡುವುದೇಕೆ? ಎಲ್ಲಿ ಕೂರಬೇಕೋ ತಿಳಿಯದೆ ಬಾಗಿಲ ಹೊರಗೆ ಚಪ್ಪಲಿಗಳ ಪಕ್ಕದಲ್ಲಿ ನಿಂತೆ. ಅಷ್ಟರಲ್ಲಿ ಚೌಡಮ್ಮ ಹಿಂತಿರುಗಿ ನೋಡಿದಳು. ಪಕ್ಕದವರನ್ನು ಒತ್ತಿ ಒಂದು ಗೇಣು ಜಾಗ ಮಾಡಿ, ಇಡೀ ಸಭೆಗೆ ಕೇಳುವಂತೆ ನನ್ನನ್ನು ಕರೆದಳು:

"ಯಾಕ್ ಸಾರ್ ಹೊರಗೇ ನಿಂತ್ಕೊಂಡ್ರಿ? ಕೂಚ್ಚಪಡ್ಬೇಡಿ, ನಾಚ್ಕೆ ಯಾಕೆ, ಒಳಗ್ ಬನ್ನಿ. ಇಲ್ಲಿರೋರೆಲ್ಲ ನಲ್ಲವ್ರು, ಯಾರೂ ಏನೂ ಅನ್ನಲ್ಲ."

ಥ್ಯಾಂಕ್ಸ್ ಹೇಳಿ ಒಳಗೆ ಹೋದೆ.